ತರೀಮಿನಿಂದ ಸಿಂಗಪುರಕ್ಕೆ: ಅಲ್‌ಜುನೈದ್ ಮನೆತನ ನೆಲೆನಿಂತ ಬಗೆ



ಸಮುದ್ರವಾಣಿಜ್ಯದ ಚರಿತ್ರೆಯನ್ನು ಬರೆದವರೆಲ್ಲರೂ ಬಹುಮಟ್ಟಿಗೆ ಚಲಿಸುವ ವಸ್ತುಗಳ ಚರಿತ್ರೆಯನ್ನೇ ಬರೆದಿದ್ದಾರೆ. ಹಡಗು ಯಾವ ಮಾರುತದಲ್ಲಿ ಹೊರಟಿತು, ಮೆಣಸು ಯಾವ ದರಕ್ಕೆ ಬಿಕರಿಯಾಯಿತು, ಕುದುರೆ ಎಲ್ಲಿ ಇಳಿಯಿತು, ಬೆಳ್ಳಿ ಯಾರ ಕೈ ಸೇರಿತು ಎಂಬಿವೇ ಅವರ ಗ್ರಂಥಗಳ ಅಧ್ಯಾಯಗಳು. ಗಾಳಿಯೊಡನೆ ಬಂದು ಗಾಳಿಯೊಡನೆ ಹಿಂದಿರುಗಬಲ್ಲ ವರ್ತಕನು ಯಾವಾಗ, ಯಾವುದರಿಂದ, ಒಂದು ಊರಿನವನಾಗುತ್ತಾನೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಲಾಭ ಬಂದ ಮಾತ್ರಕ್ಕೆ ಅವನು ಊರಿನವನಾಗುವುದಿಲ್ಲ. ಲಾಭವನ್ನು ಕಟ್ಟಿಕೊಂಡು ಹೊರಟವರ ಸಂಖ್ಯೆಯೇ ದೊಡ್ಡದು. ಅವನ ಸಂಪತ್ತು ಹಡಗಿನಿಂದಿಳಿದು, ಮರಳಿ ಹಡಗನ್ನು ಹತ್ತಲಾರದ ರೂಪವನ್ನು, ಎಂದರೆ ಬಾವಿಯ, ಮಸೀದಿಯ, ಸಮಾಧಿಭೂಮಿಯ, ವಕ್ಫ್ ಆಸ್ತಿಯ ರೂಪವನ್ನು ತಾಳಿದಾಗ ಅವನ ನೆಲೆ ನಿಶ್ಚಯವಾಯಿತೆಂದು ನಾನು ಭಾವಿಸುತ್ತೇನೆ. ಈ ಭಾವನೆಯನ್ನು ಸಮರ್ಥಿಸುವುದಕ್ಕಾಗಿ, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಸಿಂಗಪುರದಲ್ಲಿ ನೆಲೆನಿಂತ ಅಲ್‌ಜುನೈದ್ ಎಂಬ ಅರಬ ವರ್ತಕಕುಟುಂಬವನ್ನು ಇಂದಿನ ಉಪನ್ಯಾಸದ ವಿಷಯವನ್ನಾಗಿ ಆರಿಸಿಕೊಂಡಿದ್ದೇನೆ.

ಅರಬರೆಂದೊಡನೆ ನಮ್ಮ ಮನಸ್ಸಿನಲ್ಲಿ ಮಕ್ಕಾ, ಮದೀನಾ, ಬಾಗ್ದಾದುಗಳ ಚಿತ್ರ ಮೂಡುವುದು ಸಹಜ. ಆದರೆ ಆಗ್ನೇಯ ಏಷ್ಯದ ಬಂದರುಗಳಲ್ಲಿ ಮನೆ ಮಾಡಿದ ಅರಬರಲ್ಲಿ ಬಹುತೇಕ ಎಲ್ಲರೂ ಒಂದೇ ಒಂದು ಪ್ರದೇಶದಿಂದ ಬಂದವರು. ಅದು ಅರಬ ಪರ್ಯಾಯದ್ವೀಪದ ದಕ್ಷಿಣದಂಚಿನಲ್ಲಿ, ಇಂದಿನ ಯೆಮನ್ ದೇಶದ ಪೂರ್ವಭಾಗದಲ್ಲಿರುವ ಹದ್ರಮೌತ್. ಕಡಲತೀರದಲ್ಲಿ ಮುಕಲ್ಲಾ, ಶಿಹ್ರ್ ಎಂಬ ರೇವುಗಳು. ಅವುಗಳ ಹಿಂದೆ ದಿನಗಟ್ಟಲೆ ಒಂಟೆಯ ಮೇಲೆ ದಾಟಬೇಕಾದ ಬರಡು ಪ್ರಸ್ಥಭೂಮಿ. ಅದರಾಚೆ, ಭೂಮಿ ಹಠಾತ್ತನೆ ಕುಸಿದಂತೆ ತೋರುವ ಒಂದು ದೀರ್ಘವಾದ ಕಣಿವೆ, ಅದರೊಳಗೆ ಶಿಬಾಮ್, ಸಯ್ಯೂನ್, ತರೀಮ್ ಎಂಬ ಪಟ್ಟಣಗಳು. ಎಂದಾದರೊಮ್ಮೆ ಮಳೆ ಸುರಿದು ಹಳ್ಳ ಬಂದರೆ ಖರ್ಜೂರದ ತೋಟಗಳಿಗೆ ನೀರು, ಇಲ್ಲವಾದರೆ ಬಾವಿಯಿಂದ ಸೇದಿದ್ದೇ ಗತಿ. ಹಸಿ ಇಟ್ಟಿಗೆಯಲ್ಲಿ ಏಳೆಂಟು ಅಂತಸ್ತು ಮನೆ ಕಟ್ಟಬಲ್ಲ ಕುಶಲಕರ್ಮಿಗಳು ಅಲ್ಲಿದ್ದರು, ಧರ್ಮಶಾಸ್ತ್ರದಲ್ಲಿ ಪಾರಂಗತರಾದ ಪಂಡಿತರಿದ್ದರು, ನಿರಂತರವಾಗಿ ಪರಸ್ಪರ ಹೊಡೆದಾಡುವ ಬುಡಕಟ್ಟುಗಳೂ ಇದ್ದವು. ಇರದಿದ್ದುದು ಹುಟ್ಟಿದವರಿಗೆಲ್ಲ ಸಾಲುವಷ್ಟು ಅನ್ನ. ಆದುದರಿಂದ ಆ ಕಣಿವೆಯ ಗಂಡಸರು ಶತಮಾನಗಳ ಕಾಲ ದೇಶಾಂತರ ಹೋಗುತ್ತಲೇ ಬಂದರು. ಪೂರ್ವ ಆಫ್ರಿಕದ ತೀರ, ಗುಜರಾತು, ಮಲಬಾರು, ಹೈದರಾಬಾದು, ಸುಮಾತ್ರ, ಜಾವಾ ಎಲ್ಲವೂ ಅವರಿಗೆ ಪರಿಚಿತ ಊರುಗಳಾದವು. ನಿಜಾಮರ ಸೈನ್ಯದಲ್ಲಿದ್ದ ಅರಬ ಸಿಪಾಯಿಗಳಲ್ಲಿ ಬಹುಮಂದಿ ಈ ಕಣಿವೆಯವರೇ.

ಇಲ್ಲಿ ನಮ್ಮ ಕರಾವಳಿಯನ್ನು ಕುರಿತು ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಉತ್ತರ ಹಿಂದುಸ್ತಾನದ ಮುಸಲ್ಮಾನರು ಪ್ರಧಾನವಾಗಿ ಹನಫಿ ಸಂಪ್ರದಾಯದವರು. ಆದರೆ ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು, ಮಲಬಾರಿನ ಮಾಪಿಳ್ಳೆಯರು ಇವರೆಲ್ಲರೂ ಶಾಫಿ ಸಂಪ್ರದಾಯದವರು. ಹದ್ರಮೌತಿನವರದೂ ಶಾಫಿ ಸಂಪ್ರದಾಯವೇ, ಸುಮಾತ್ರ, ಜಾವಾ, ಮಲಯದ ಮುಸಲ್ಮಾನರದೂ ಅದೇ. ಧರ್ಮ ಹಬ್ಬಿದ ದಾರಿಯನ್ನು ಕಾಣಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ? ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ, ಅಲ್ಲಿನವರು ಶಾಫಿ ಮತಾನುಯಾಯಿಗಳೆಂಬುದನ್ನೂ, ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳೂ ಗಂಡುಮಕ್ಕಳಿಗೆ 23 ಪಾಠಶಾಲೆಗಳೂ ಇದ್ದುದನ್ನೂ ಮೆಚ್ಚುಗೆಯಿಂದ ದಾಖಲಿಸಿದ್ದಾನೆ. ಖೈಬರ್ ಕಣಿವೆಯ ದಾರಿ ಒಂದು, ಕಡಲ ದಾರಿ ಬೇರೊಂದು; ಶಾಲೆಯ ಪಠ್ಯಗಳಲ್ಲಿ ನಾವು ಮೊದಲನೆಯದನ್ನಷ್ಟೇ ಓದಿ ದೊಡ್ಡವರಾದೆವು.

ಹದ್ರಮೌತಿನಿಂದ ಹೊರಟವರಲ್ಲಿ ಎಲ್ಲ ವರ್ಗದವರೂ ಇದ್ದರಾದರೂ, ಅವರಲ್ಲಿ ವಿಶೇಷ ಗೌರವಕ್ಕೆ ಪಾತ್ರರಾದವರು ಬಾ-ಅಲವಿ ಸಯ್ಯಿದರು. ಪ್ರವಾದಿಯವರ ಸಂತತಿಗೆ ಸೇರಿದ ಅಹಮದ್ ಬಿನ್ ಈಸಾ ಎಂಬವರು ಹತ್ತನೆಯ ಶತಮಾನದಲ್ಲಿ ಬಸ್ರಾ ಪಟ್ಟಣವನ್ನು ಬಿಟ್ಟು ಈ ಕಣಿವೆಗೆ ಬಂದರೆಂದೂ, ತಾವೆಲ್ಲರೂ ಅವರ ವಂಶಜರೆಂದೂ ಇವರು ಹೇಳಿಕೊಳ್ಳುತ್ತಾರೆ. ವಂಶಾವಳಿಯನ್ನು ಬರೆದಿಡುವುದರಲ್ಲಿ ಇವರು ತೋರಿದ ಶ್ರದ್ಧೆ ಅಸಾಧಾರಣವಾದುದು. ಜಾವಾದಲ್ಲಿ ಹುಟ್ಟಿದ ಮಗುವಿನ ಹೆಸರು ಸಹ ಕಾಲಕ್ರಮದಲ್ಲಿ ತರೀಮಿನ ಪುಸ್ತಕಕ್ಕೆ ಏರುತ್ತಿದ್ದಿತು. ಇದನ್ನು ಕೇವಲ ಕುಲಾಭಿಮಾನವೆಂದು ತಳ್ಳಿಹಾಕುವವರು ವ್ಯಾಪಾರದ ಮರ್ಮವನ್ನು ಅರಿಯದವರು. ಅಂಚೆಯಿಲ್ಲದ, ಬ್ಯಾಂಕಿಲ್ಲದ, ಒಂದು ಕಾಗದಕ್ಕೆ ಉತ್ತರ ಬರಲು ಒಂದು ಮಾರುತವೇ ಕಳೆಯಬೇಕಾದ ಕಾಲದಲ್ಲಿ, ಸಾವಿರಾರು ಮೈಲು ದೂರದ ಅಪರಿಚಿತನಿಗೆ ಸರಕನ್ನು ಒಪ್ಪಿಸುವ ಧೈರ್ಯ ಯಾರಿಗೆ ಬಂದೀತು? ಆ ಅಪರಿಚಿತನು ಇಂಥವನ ಮಗ, ಇಂಥವನ ಮೊಮ್ಮಗ, ಇಂಥ ಮನೆಯ ಅಳಿಯ ಎಂದು ತಿಳಿದಿದ್ದರೆ, ಅವನು ಮೋಸ ಮಾಡಿದಲ್ಲಿ ಆ ಸುದ್ದಿ ಅವನಿಗಿಂತ ಮುಂಚೆ ತರೀಮನ್ನು ತಲಪುತ್ತದೆ ಎಂಬ ಭರವಸೆಯಿದ್ದರೆ, ಧೈರ್ಯ ತಾನಾಗಿ ಬರುತ್ತದೆ. ಒಬ್ಬನ ಬಂಡವಾಳ, ಇನ್ನೊಬ್ಬನ ಶ್ರಮ, ಲಾಭದಲ್ಲಿ ಗೊತ್ತಾದ ಪಾಲು, ನಷ್ಟವಾದರೆ ಬಂಡವಾಳ ಹಾಕಿದವನಿಗೆ ಹಣವೂ ದುಡಿದವನಿಗೆ ದುಡಿಮೆಯೂ ನಷ್ಟ. ಮುದಾರಬ ಎಂದು ಇಸ್ಲಾಮಿನ ವ್ಯವಹಾರಶಾಸ್ತ್ರ ಕರೆಯುವ ಈ ಒಪ್ಪಂದವು ಬಡ್ಡಿ ನಿಷಿದ್ಧವಾದ ಸಮಾಜದಲ್ಲಿ ದೂರದ ವ್ಯಾಪಾರವನ್ನು ಸಾಧ್ಯಗೊಳಿಸಿತು. ಅದರ ಬೆನ್ನಿಗೆ ನಿಂತ ಜಾಮೀನು ವಂಶಾವಳಿ.

ವಂಶಕ್ಕೆ ಮತ್ತೊಂದು ಬೆಲೆಯೂ ಇದ್ದಿತು. ಮಲಯ ಲೋಕದ ರಾಜರು ಪ್ರವಾದಿಯವರ ಕುಲದ ಅತಿಥಿಗಳನ್ನು ಆದರದಿಂದ ಬರಮಾಡಿಕೊಂಡರು, ಪದವಿ ಕೊಟ್ಟರು, ಹೆಣ್ಣು ಕೊಟ್ಟರು. ಬೋರ್ನಿಯೋದ ಪಶ್ಚಿಮತೀರದಲ್ಲಿ 1771ರಲ್ಲಿ ಪೊಂಟಿಯಾನಕ್ ಪಟ್ಟಣವನ್ನು ಕಟ್ಟಿ ಸುಲ್ತಾನನೇ ಆದ ಅಬ್ದುರ್ರಹಮಾನ್ ಅಲ್‌ಕಾದ್ರಿ ಒಬ್ಬ ಹದ್ರಮಿ ಸಯ್ಯಿದನ ಮಗ. ಸುಮಾತ್ರದ ಪಾಲೆಂಬಾಂಗಿನಲ್ಲಿ, ಮೂಸಿ ನದಿಯ ದಡದಲ್ಲಿ, ಅರಬ ವರ್ತಕರ ಒಂದು ಪ್ರಬಲವಾದ ನೆಲೆಯಿದ್ದಿತು; ಹಡಗುಗಳ ಒಡೆಯರಾದ ಅವರಿಗೆ ಅಲ್ಲಿನ ಸುಲ್ತಾನರು ಪಂಗೇರಾನ್ ಎಂಬ ರಾಜಕುಮಾರರ ಬಿರುದನ್ನು ಸಹ ದಯಪಾಲಿಸುತ್ತಿದ್ದರು. ತರೀಮ್ ಮೂಲದ ನಮ್ಮ ಕಥಾನಾಯಕರು ಸಿಂಗಪುರಕ್ಕೆ ಬಂದುದು ಆ ಪಾಲೆಂಬಾಂಗಿನಿಂದ.

ಸಯ್ಯಿದ್ ಮಹಮ್ಮದ್ ಬಿನ್ ಹಾರೂನ್ ಅಲ್‌ಜುನೈದ್ ಮತ್ತು ಅವನ ಸೋದರನ ಮಗ ಸಯ್ಯಿದ್ ಉಮರ್ ಬಿನ್ ಅಲಿ ಅಲ್‌ಜುನೈದ್, ಇವರಿಬ್ಬರು ಸಿಂಗಪುರದಲ್ಲಿ ನೆಲಸಿದ ಮೊದಲ ಅರಬರೆಂದು ಆ ನಗರದ ಚರಿತ್ರಕಾರರು ಒಪ್ಪುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಸ್ಟಾಂಫರ್ಡ್ ರಾಫಲ್ಸ್ 1819ರ ಫೆಬ್ರವರಿ 6ರಂದು ಸುಲ್ತಾನ್ ಹುಸೇನ್ ಷಾ ಮತ್ತು ತೆಮೆಂಗೊಂಗ್ ಎಂಬ ಪದವಿಯ ಮಲಯ ಸರದಾರ ಅಬ್ದುರ್ರಹಮಾನರೊಡನೆ ಕೌಲು ಮಾಡಿಕೊಂಡು ಅಲ್ಲಿ ಕಂಪನಿಯ ಕೋಠಿಯನ್ನು ತೆರೆದ ಮೇಲೆ, ಒಂದೆರಡು ವರ್ಷಗಳೊಳಗಾಗಿಯೇ ಇವರು ಬಂದಿಳಿದರು. ಏಕೆ ಬಂದರು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಪಾಲೆಂಬಾಂಗಿನ ಸುಲ್ತಾನ ಬದರುದ್ದೀನನಿಗೂ ಡಚ್ಚರಿಗೂ 1819ರಲ್ಲಿ ಯುದ್ಧ ಹೊತ್ತಿಕೊಂಡಿತು. 1821ರಲ್ಲಿ ಡಚ್ಚರು ಗೆದ್ದು ಅವನನ್ನು ಸೆರೆಹಿಡಿದರು. ಅತ್ತ ಫಿರಂಗಿಗಳ ಗರ್ಜನೆ, ಡಚ್ಚರ ಏಕಸ್ವಾಮ್ಯ, ಸುಂಕದ ಕಾಟ. ಇತ್ತ, ಒಂದೆರಡು ವಾರದ ಪಯಣದಾಚೆ, ಆಮದಿಗೂ ಸುಂಕವಿಲ್ಲ, ರಫ್ತಿಗೂ ಸುಂಕವಿಲ್ಲ ಎಂದು ಸಾರುತ್ತಿದ್ದ ಹೊಸ ರೇವು. ಕೈಯಲ್ಲಿ ಹಡಗಿದ್ದ ಯಾವ ವಿವೇಕಿ ತಾನೆ ತಡಮಾಡಿಯಾನು? ಹೊಸ ಊರಿಗೆ ವರ್ತಕರನ್ನು ಆಕರ್ಷಿಸಿದ ಕೀರ್ತಿಯನ್ನು ಇಂಗ್ಲಿಷ್ ಲೇಖಕರು ಸಂಪೂರ್ಣವಾಗಿ ರಾಫಲ್ಸನಿಗೇ ಒಪ್ಪಿಸಿಬಿಡುತ್ತಾರೆ. ಅರ್ಧಭಾಗವನ್ನಾದರೂ ಡಚ್ಚರಿಗೆ ಹಂಚಬೇಕೆಂದು ನನ್ನ ಅಭಿಪ್ರಾಯ.

ರಾಫಲ್ಸನಿಗೆ ಅರಬರನ್ನು ಕಂಡರೆ ಅಷ್ಟೇನೂ ಪ್ರೀತಿಯಿರಲಿಲ್ಲ. ಸಿಂಗಪುರಕ್ಕೆ ಬರುವ ಮುನ್ನ ಮೇಲಧಿಕಾರಿಗಳಿಗೆ ಬರೆದ ವರದಿಗಳಲ್ಲಿ, ಮಲಯ ರಾಜರ ಮುಗ್ಧತೆಯನ್ನು ದುಡಿಸಿಕೊಳ್ಳುವ ಜನವೆಂದು ಅವರನ್ನು ಅವನು ಕಟುವಾಗಿಯೇ ನಿಂದಿಸಿದ್ದಾನೆ. ಆದರೆ ಊರು ಕಟ್ಟುವವನಿಗೆ ಬಂಡವಾಳವುಳ್ಳವರನ್ನು ದ್ವೇಷಿಸಲು ಪುರಸೊತ್ತಿಲ್ಲ. 1822ರ ನವೆಂಬರಿನಲ್ಲಿ ನಗರ ರಚನೆಯನ್ನು ಕುರಿತು ಸಮಿತಿಗೆ ಕೊಟ್ಟ ನಿರೂಪದಲ್ಲಿ, ಚೀಣೀಯರಿಗೆ, ಚೂಲಿಯರೆಂಬ ದಕ್ಷಿಣ ಭಾರತೀಯರಿಗೆ, ಸೆಲೆಬಿಸಿನ ಬೂಗಿಸರಿಗೆ ಪ್ರತ್ಯೇಕ ಕೇರಿಗಳನ್ನು ಗುರುತಿಸಿದಂತೆಯೇ ಅರಬರಿಗೂ ಸುಲ್ತಾನನ ನಿವಾಸದ ಸಮೀಪದಲ್ಲಿ, ಕಂಪೋಂಗ್ ಗ್ಲಾಮಿನಲ್ಲಿ, ಅವನು ಸ್ಥಳವನ್ನು ನಿರ್ದೇಶಿಸಿದನು. ಇಂದಿನ ಅರಬ್ ಸ್ಟ್ರೀಟ್ ಇರುವುದು ಅಲ್ಲಿಯೇ. ಈ ಎಲ್ಲ ಏರ್ಪಾಟು ಎಷ್ಟು ಮಂದಿಗಾಗಿ ಗೊತ್ತೆ? 1824ರ ಜನವರಿಯಲ್ಲಿ ಮೊದಲ ಬಾರಿಗೆ ಜನಗಣತಿ ನಡೆದಾಗ ಊರಿನ ಒಟ್ಟು ಜನಸಂಖ್ಯೆ 10,683. ಅದರಲ್ಲಿ ಮಲಯರು 4,580, ಚೀಣೀಯರು 3,317, ಭಾರತೀಯರು 756, ಯುರೋಪಿಯನರು 74. ಅರಬರು 15.

ಹದಿನೈದು ಜನ! ಈ ಹದಿನೈದರ ಭಾರ ಊರಿನ ಮೇಲೆ ಎಷ್ಟಿದ್ದಿತೆಂಬುದಕ್ಕೆ, ಆ ಗಣತಿಗೆ ಹತ್ತು ತಿಂಗಳ ಹಿಂದೆ, 1823ರ ಮಾರ್ಚ್ 11ರಂದು ನಡೆದ ಒಂದು ದುರ್ಘಟನೆಯೇ ಸಾಕ್ಷಿ. ಅದನ್ನು ಕಣ್ಣಾರೆ ಕಂಡವನಂತೆ ವರ್ಣಿಸಿರುವವನು ಮುನ್ಷಿ ಅಬ್ದುಲ್ಲಾ, ರಾಫಲ್ಸನ ಲಿಪಿಕಾರ, ಆಧುನಿಕ ಮಲಯ ಗದ್ಯದ ಪಿತಾಮಹ. ಅವನ ಮುತ್ತಜ್ಜನೂ ಯೆಮನಿನಿಂದ ಹೊರಟು ನಮ್ಮ ನಾಗೂರಿನಲ್ಲಿ ತಮಿಳು ಹೆಣ್ಣನ್ನು ಮದುವೆಯಾದ ಅರಬನೆಂಬುದನ್ನು ಪ್ರಾಸಂಗಿಕವಾಗಿ ನೆನೆಯೋಣ. ಪಹಾಂಗಿನಿಂದ ಬಂದ ಸಯ್ಯಿದ್ ಯಾಸೀನ್ ಎಂಬ ವ್ಯಾಪಾರಿ ನಮ್ಮ ಉಮರನಿಗೆ ಹಣ ಕೊಡಬೇಕಾಗಿತ್ತು. ತಗಾದೆ ಮಾಡಿ ಬೇಸತ್ತ ಉಮರ್ ನ್ಯಾಯಸ್ಥಾನಕ್ಕೆ ಹೋದನು. ಊರಿನ ರೆಸಿಡೆಂಟನಾದ ಕರ್ನಲ್ ಫಾರ್ಕರ್ ವಿಚಾರಿಸಿ, ಸಾಲಗಾರನು ಹಣ ಕಟ್ಟಬೇಕು, ಇಲ್ಲವೆ ಸೆರೆಗೆ ಹೋಗಬೇಕು ಎಂದು ತೀರ್ಪಿತ್ತನು. ತಾನೂ ಪ್ರವಾದಿಯವರ ಕುಲದವನೆಂಬ ಯಾಸೀನನ ಅಭಿಮಾನಕ್ಕೆ ಇದು ತಡೆಯಲಾರದ ಪೆಟ್ಟಾಯಿತು. ಸಂಜೆಯ ಹೊತ್ತಿಗೆ, ಸಾಲಿಗನ ಬಳಿ ಹೋಗಿ ವಾಯಿದೆ ಬೇಡಿಕೊಳ್ಳುತ್ತೇನೆಂದು ಅಪ್ಪಣೆ ಪಡೆದು, ಒಬ್ಬ ಹಿಂದೂ ಜವಾನನ ಕಾವಲಿನಲ್ಲಿ ಹೊರಟವನು ಉಡುಪಿನೊಳಗೆ ಕಠಾರಿಯನ್ನು ಅಡಗಿಸಿಕೊಂಡಿದ್ದನು. ಬಾಗಿಲಿಗೆ ಬಂದ ಉಮರ್ ಅವನ ಮುಖವನ್ನು ಕಂಡೊಡನೆ ಅಪಾಯವನ್ನು ಅರಿತು, ಹಿತ್ತಲಿನಿಂದ ಹಾರಿ, ಫಾರ್ಕರನ ಮನೆಗೆ ಓಡಿಹೋದನು. ಕಾವಲಿನ ಜವಾನ ಕೊಲೆಯಾಗಿ ಬಿದ್ದನು. ಮಗ ಆಂಡ್ರೂ ಮತ್ತು ಕೆಲವು ಸಿಪಾಯಿಗಳೊಡನೆ ದೀಪ ಹಿಡಿದು ಬಂದ ಫಾರ್ಕರ್, ಕತ್ತಲಲ್ಲಿ ಅಡಗಿದ್ದವನನ್ನು ಕೋಲಿನಿಂದ ತಿವಿದಾಗ ಕಠಾರಿ ಫಾರ್ಕರನ ಎದೆಯನ್ನು ಹೊಕ್ಕಿತು. ಮಗನ ಖಡ್ಗ, ಸಿಪಾಯಿಗಳ ಬಯೊನೆಟ್ಟು ಯಾಸೀನನನ್ನು ಅಲ್ಲಿಯೇ ಮುಗಿಸಿದವು. ಇದು ತೆಮೆಂಗೊಂಗನ ಮಲಯ ಅನುಯಾಯಿಗಳ ಪಿತೂರಿಯಿರಬಹುದೆಂಬ ಗುಮಾನಿ ಹಬ್ಬಿ, ಹೆಣದ ಗುರುತು ಹತ್ತುವವರೆಗೂ ಊರು ಯುದ್ಧದ ಅಂಚಿನಲ್ಲಿ ನಿಂತಿತ್ತು. ಫಾರ್ಕರ್ ಬದುಕಿದನು.

ರಾಫಲ್ಸ್ ಯಾಸೀನನ ಹೆಣವನ್ನು ಕಬ್ಬಿಣದ ಪಂಜರದಲ್ಲಿ ತೂಗಹಾಕಿಸಿದನು. ಬಳಿಕ ಅದನ್ನು ತಾಂಜೋಂಗ್ ಪಗಾರಿನಲ್ಲಿ ಹೂಳಲಾಯಿತು. ಕಾಲಕ್ರಮದಲ್ಲಿ ಆ ಗೋರಿ ಒಂದು ಕೆರಾಮತ್ತಾಯಿತು, ಎಂದರೆ ಜನ ಹರಕೆ ಹೊತ್ತು ಹೋಗುವ ಪುಣ್ಯಸ್ಥಾನ. ಕಂಪನಿಯ ನ್ಯಾಯದ ದೃಷ್ಟಿಯಲ್ಲಿ ಅವನೊಬ್ಬ ಕೊಲೆಗಡುಕ; ಊರ ಜನರ ದೃಷ್ಟಿಯಲ್ಲಿ ಅವನೊಬ್ಬ ಸಯ್ಯಿದ. ಉಮರನಾದರೋ ಅದೇ ಕುಲದವನಾಗಿದ್ದೂ, ತನ್ನ ವ್ಯಾಜ್ಯವನ್ನು ಕುಲದ ಹಿರಿಯರ ಮುಂದೆ ಇಡದೆ ಇಂಗ್ಲಿಷ್ ಅಧಿಕಾರಿಯ ಮುಂದೆ ಇಟ್ಟನು, ಪ್ರಾಣಭಯ ಬಂದಾಗ ಅವನ ಮನೆಗೇ ಓಡಿದನು. ಹೊಸ ಊರಿನ ಕಾನೂನು ತನಗೆ ಆಶ್ರಯವೆಂದು ಅವನು ಅಷ್ಟು ಬೇಗ ನಂಬಿದ್ದನು. ಆ ನಂಬಿಕೆಯನ್ನು ಎಲ್ಲರೂ ಮೆಚ್ಚಲಿಲ್ಲವೆಂಬುದನ್ನು ತಾಂಜೋಂಗ್ ಪಗಾರಿನ ಹರಕೆಗಳೇ ತಿಳಿಸುತ್ತವೆ.

ಆದರೆ ಉಮರ್ ಇಂಗ್ಲಿಷರ ನೆರಳಿನಲ್ಲಿ ನಿಂತು ಲಾಭವೆಣಿಸಿದವನಷ್ಟೇ ಆಗಿದ್ದರೆ ಅವನ ಮಾತನ್ನು ನಾನು ಇಲ್ಲಿ ಎತ್ತುತ್ತಿರಲಿಲ್ಲ. ಅವನು 1820ರಲ್ಲಿಯೇ, ಎಂದರೆ ಬಂದ ಹೊಸತರಲ್ಲಿ, ಸಿಂಗಪುರ ನದಿಯ ದಕ್ಷಿಣ ದಡದ ಕಂಪೋಂಗ್ ಮಲಾಕಾದಲ್ಲಿ ಒಂದು ಮರದ ಮಸೀದಿಯನ್ನು ಕಟ್ಟಿಸಿದನು. ಅದೇ ಆ ನಗರದ ಮೊದಲ ಮಸೀದಿ. ಇಲ್ಲಿ ಗಮನಿಸಬೇಕಾದುದು ಅದರ ಸ್ಥಳ. ರಾಫಲ್ಸನ ನಕ್ಷೆ ಅರಬರಿಗೆ ಕೇರಿಯನ್ನು ಗೊತ್ತುಮಾಡಿದ್ದು ನದಿಯ ಆಚೆಗೆ, ಸುಲ್ತಾನನ ಮಗ್ಗುಲಲ್ಲಿ. ನಕ್ಷೆ ಹುಟ್ಟುವ ಮುಂಚೆಯೇ ಉಮರನ ಮಸೀದಿ ಎದ್ದುದು ಮಲಾಕಾದಿಂದ ವಲಸೆ ಬಂದ ಸಾಮಾನ್ಯ ಮಲಯರ ಗುಡಿಸಲುಗಳ ನಡುವೆ. ಹದಿನೈದು ಅರಬರಿಗೆ ಮಸೀದಿಯ ಅಗತ್ಯವಿತ್ತೆಂದು ಹೇಳಲಾಗದು. ಅಗತ್ಯವಿದ್ದುದು ಮಲಯರಿಗೆ, ಮತ್ತು ಆ ಮಲಯರ ಬಳಗದಲ್ಲಿ ಒಂದು ಸ್ಥಾನದ ಅಗತ್ಯವಿದ್ದುದು ಉಮರನಿಗೆ. ಅವನ ತರುವಾಯ ಮಗ ಸಯ್ಯಿದ್ ಅಬ್ದುಲ್ಲಾ 1855ರಲ್ಲಿ ಅದನ್ನು ಇಟ್ಟಿಗೆಯಲ್ಲಿ ಮರಳಿ ಕಟ್ಟಿಸಿದನು.

ಚಿಕ್ಕಪ್ಪ ಮಹಮ್ಮದ್ ಬಿನ್ ಹಾರೂನ್ 1824ರಲ್ಲಿಯೇ ತೀರಿಕೊಂಡಿದ್ದನು. ಅಲ್ಲಿಂದ 1852ರಲ್ಲಿ ತಾನು ತೀರಿಕೊಳ್ಳುವವರೆಗೆ ಉಮರನೇ ಸಿಂಗಪುರದ ಅರಬರ ಮುಖಂಡ. ಬಟ್ಟೆ, ಸಂಬಾರ ಪದಾರ್ಥ, ಗಂಧದ ಮರ ಮುಂತಾದ ಸರಕುಗಳಲ್ಲಿ ಬಂದ ಲಾಭವನ್ನು ಅವನೂ ಅವನ ದಾಯಾದಿಗಳೂ ಒಂದೇ ಸಮನೆ ನೆಲಕ್ಕೆ ಹಾಕುತ್ತ ಹೋದರು. ಬೆಂಕೂಲೆನ್ ಬೀದಿಯ ಮಸೀದಿಯನ್ನು ಇಟ್ಟಿಗೆಯಲ್ಲಿ ಕಟ್ಟಿಸಿದವನು ಉಮರನೇ. ಮುಸಲ್ಮಾನರ ಸ್ಮಶಾನಕ್ಕೆಂದು ಈ ಕುಟುಂಬ ಭೂಮಿಯನ್ನು ಬಿಟ್ಟುಕೊಟ್ಟಿತು. ಸಿಹಿನೀರು ದುರ್ಲಭವಾಗಿದ್ದ ಆ ಊರಿನಲ್ಲಿ ಮಹಮ್ಮದನ ಮಗ ಸಯ್ಯಿದ್ ಅಲಿ ಸಾರ್ವಜನಿಕ ಬಾವಿಗಳನ್ನು ತೋಡಿಸಿದನು. ಈ ಅಲಿಯದೇ ಇನ್ನೊಂದು ದಾನ ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಚೀಣೀ ವರ್ತಕ ತಾನ್ ತೊಕ್ ಸೆಂಗ್ 1844ರಲ್ಲಿ ಬಡವರ ಆಸ್ಪತ್ರೆಯೊಂದಕ್ಕೆ ಅಸ್ತಿವಾರ ಹಾಕಿಸಿದ್ದನಷ್ಟೆ. ದಿಕ್ಕಿಲ್ಲದ ಚೀಣೀ ಕೂಲಿಗಳೇ ಹೆಚ್ಚಾಗಿ ಸೇರುತ್ತಿದ್ದ ಆ ಆಸ್ಪತ್ರೆಯ ನಿರ್ವಹಣೆಗಾಗಿ ಅಲಿ ವಿಕ್ಟೋರಿಯಾ ಬೀದಿಯಲ್ಲಿದ್ದ ತನ್ನ ಜಮೀನನ್ನು ಕೊಟ್ಟನು. ಮಸೀದಿ ಕಟ್ಟಿಸುವುದು ಧರ್ಮಬಂಧುಗಳ ಋಣ. ಹಂದಿಮಾಂಸ ಬೇಯುವ ಅಡುಗೆಮನೆಯ ಆಸ್ಪತ್ರೆಗೆ ಒಬ್ಬ ಸಯ್ಯಿದನು ಜಮೀನು ಕೊಟ್ಟನೆಂದರೆ, ಅವನು ಆ ಊರನ್ನು ಇಡಿಯಾಗಿ ತನ್ನದೆಂದು ಎಣಿಸಿದ್ದನೆಂದೇ ಅರ್ಥ.

ಇಷ್ಟು ಹೊತ್ತು ನಾನು ಗಂಡಸರ ಹೆಸರುಗಳನ್ನೇ ಹೇಳುತ್ತಿರುವೆನೆಂದು ಸಭೆಯಲ್ಲಿರುವ ಸೋದರಿಯರು ಆಕ್ಷೇಪಿಸಿದರೆ ಅದು ನ್ಯಾಯವೇ. ಹದ್ರಮೌತಿನಿಂದ ಗಂಡಸರು ಮಾತ್ರ ಹೊರಟರು. ಹೆಂಗಸರನ್ನು ಕಡಲಿನಾಚೆಗೆ ಕಳುಹಿಸುವ ಪದ್ಧತಿಯಿರಲಿಲ್ಲ. ಆದುದರಿಂದ ಬಂದವರೆಲ್ಲರೂ ಮಲಯ, ಜಾವಾ, ಬೂಗಿಸ್ ಹೆಣ್ಣುಗಳನ್ನು ಮದುವೆಯಾದರು. ಅವರ ಶಾಸ್ತ್ರ ಮಾತ್ರ ಏಕಮುಖವಾದದ್ದು: ಸಯ್ಯಿದನು ಯಾವ ಕುಲದ ಹೆಣ್ಣನ್ನಾದರೂ ವರಿಸಬಹುದು, ಅವನ ಮಗಳು ಮಾತ್ರ ಸಯ್ಯಿದನನ್ನೇ ವರಿಸಬೇಕು. ಫಲವಾಗಿ ಒಂದೇ ಮನೆಯಲ್ಲಿ ಮಕ್ಕಳು ತಾಯಿಯ ಮಾತನ್ನಾಡುವರು, ತಾಯಿಯ ಅಡುಗೆಯನ್ನುಣ್ಣುವರು, ತಾಯಿಯ ಬಂಧುಗಳ ನಡುವೆ ಬೆಳೆಯುವರು, ಹೆಸರು ಬರೆಯುವಾಗ ಮಾತ್ರ ತರೀಮಿನವರಾಗುವರು. ಹೀಗೆ ಹೊರದೇಶದಲ್ಲಿ ಹುಟ್ಟಿದವರನ್ನು ಮುವಲ್ಲದ್ ಎಂದು ಕರೆದು, ಗಂಡುಮಕ್ಕಳನ್ನು ಅರಬ್ಬಿ ಕಲಿಯಲೆಂದು ಕೆಲವು ವರ್ಷ ಕಣಿವೆಗೆ ಕಳುಹಿಸುವ ವಾಡಿಕೆಯೂ ಇದ್ದಿತು.

ಸ್ತ್ರೀಯರ ಪಾತ್ರ ಎಷ್ಟು ದೊಡ್ಡದಾಗಿರಬಹುದೆಂಬುದು ಸಿಂಗಪುರದ ಇನ್ನೊಂದು ಅರಬ ಮನೆತನದ, ಅಲ್‌ಸಗಾಫರ, ಕಥೆಯಿಂದ ಸ್ಪಷ್ಟವಾಗುತ್ತದೆ. ಸಂಬಾರ ವ್ಯಾಪಾರಿಯಾದ ಸಯ್ಯಿದ್ ಅಬ್ದುರ್ರಹಮಾನ್ ಅಲ್‌ಸಗಾಫ್ 1824ರಲ್ಲಿ ಬಂದನು. ಅವನ ಮಗ ಅಹಮದ್ ಮದುವೆಯಾದುದು ರಾಜಾ ಸಿತಿಯನ್ನು. ಆಕೆಯ ತಾಯಿ ಹಾಜಾ ಫಾತಿಮಾ ಮಲಾಕಾದಲ್ಲಿ ಹುಟ್ಟಿ, ಸೆಲೆಬಿಸಿನ ಒಬ್ಬ ಬೂಗಿಸ್ ಶ್ರೀಮಂತನ ಕೈಹಿಡಿದು, ಅವನು ತೀರಿಕೊಂಡ ಮೇಲೆ ಹಡಗುಗಳನ್ನೂ ದೋಣಿಗಳನ್ನೂ ತಾನೇ ನಡೆಸಿದ ಗಟ್ಟಿಗಿತ್ತಿ. ಅವಳ ಮನೆಗೆ ಎರಡು ಬಾರಿ ಕನ್ನ ಬಿದ್ದಿತು, ಒಮ್ಮೆ ಬೆಂಕಿಯನ್ನೇ ಇಟ್ಟರು. ಪ್ರಾಣ ಉಳಿದ ಕೃತಜ್ಞತೆಗಾಗಿ ಅವಳು ಬೇರೆಡೆಗೆ ಹೋಗಿ ನೆಲಸಿ, ಮನೆಯಿದ್ದ ನಿವೇಶನದಲ್ಲಿ 1846ರಲ್ಲಿ ಮಸೀದಿ ಕಟ್ಟಿಸಿದಳು. ಚರ್ಚಿನ ಗೋಪುರವನ್ನು ಹೋಲುವ, ತುಸು ಒಂದು ಕಡೆಗೆ ವಾಲಿದ ಅದರ ಮಿನಾರನ್ನು ಇಂದಿಗೂ ಪ್ರವಾಸಿಗಳು ತಲೆ ಓರೆಮಾಡಿ ನೋಡುತ್ತಾರೆ. ಫಾತಿಮಾ, ಅವಳ ಮಗಳು, ಅಳಿಯ ಮೂವರೂ ಹೂಳಲ್ಪಟ್ಟಿರುವುದು ಆ ಆವರಣದಲ್ಲಿಯೇ. ಅವಳ ವ್ಯಾಪಾರ ಅಳಿಯನ ಕೈಗೆ ಬಂದು, 1848ರಲ್ಲಿ ಅಲ್‌ಸಗಾಫ್ ಕಂಪನಿ ಹುಟ್ಟಿತು. ಅರಬ ಬಂಡವಾಳವೆಂದು ಪುಸ್ತಕಗಳು ಹೇಳುವ ಆ ಸಂಸ್ಥೆಯ ತಳಹದಿಯಲ್ಲಿ ಮಲಾಕಾದ ಒಬ್ಬ ವಿಧವೆಯ ಹಡಗುಗಳಿದ್ದವು.

ನೆಲೆನಿಂತ ವರ್ತಕರನ್ನು ಹೊಗಳುತ್ತ ಹೋಗುವುದು ನನ್ನ ಉದ್ದೇಶವಲ್ಲ. ಉಗಿಹಡಗು ಬಂದ ಬಳಿಕ ಹಾಯಿಹಡಗಿನ ಒಡೆಯರಾಗಿದ್ದ ಅರಬರು ಹಜ್ ಯಾತ್ರಿಕರ ಸಾಗಣೆಗೆ ಇಳಿದರು. ಅದರಲ್ಲಿ ಅಗ್ರಗಣ್ಯರು ಅಲ್‌ಸಗಾಫರು. ಮರುಪ್ರಯಾಣದ ಹಣವಿಲ್ಲದ ಬಡ ಯಾತ್ರಿಕರಿಗೆ ಸಾಲ ಕೊಟ್ಟು, ತೀರಿಸುವುದಕ್ಕಾಗಿ ಜೊಹೋರಿನ ಕುಕುಪ್ ಎಂಬಲ್ಲಿದ್ದ ತಮ್ಮ ತೋಟದಲ್ಲಿ ದುಡಿಸಿಕೊಳ್ಳುವ ಕರಾರುಗಳನ್ನು ಅವರು ಬರೆಸಿಕೊಂಡರು. ಪುಣ್ಯ ಸಂಪಾದಿಸಿ ಬಂದ ಹಾಜಿ ಮನೆ ಸೇರುವ ಮುನ್ನ ಒಡೆಯನ ತೋಟದಲ್ಲಿ ಬೆವರು ಸುರಿಸಬೇಕಾಗಿತ್ತು. ಅವರ ನಿರ್ವಹಣೆಯಲ್ಲಿದ್ದ ಜಿದ್ದಾ ಎಂಬ ಹಡಗು 1880ರ ಜುಲೈಯಲ್ಲಿ ಪಿನಾಂಗಿನಿಂದ ಒಂಬೈನೂರಕ್ಕೂ ಮಿಕ್ಕ ಯಾತ್ರಿಕರನ್ನು ತುಂಬಿಕೊಂಡು ಹೊರಟು, ಆಗಸ್ಟಿನಲ್ಲಿ ಆಫ್ರಿಕದ ಗಾರ್ಡಫೂಯಿ ಭೂಶಿರದ ಬಳಿ ನೀರು ತುಂಬಿ ಕಷ್ಟಕ್ಕೆ ಸಿಕ್ಕಿದಾಗ, ಯುರೋಪಿಯನ್ ಕಪ್ತಾನನೂ ಅಧಿಕಾರಿಗಳೂ ಯಾತ್ರಿಕರನ್ನು ಅಲ್ಲಿಯೇ ಬಿಟ್ಟು ದೋಣಿ ಹತ್ತಿ ಪಾರಾದರು. ಏಡನ್ನಿಗೆ ಹೋಗಿ ಹಡಗು ಮುಳುಗಿತೆಂದು ಅವರು ಹೇಳಿಕೆ ಕೊಟ್ಟ ಬೆನ್ನಲ್ಲೇ, ಯಾತ್ರಿಕರೇ ತೇಲಿಸಿ ಉಳಿಸಿಕೊಂಡಿದ್ದ ಹಡಗನ್ನು ಇನ್ನೊಂದು ಹಡಗು ಎಳೆದುಕೊಂಡು ಅದೇ ಏಡನ್ನಿಗೆ ತಂದಿತು! ಜೋಸೆಫ್ ಕಾನ್ರಾಡನ 'ಲಾರ್ಡ್ ಜಿಮ್' ಕಾದಂಬರಿ ಈ ಪ್ರಸಂಗದಿಂದ ಹುಟ್ಟಿದುದು. ಕಾದಂಬರಿಕಾರನು ಓಡಿಹೋದ ಬಿಳಿಯ ಅಧಿಕಾರಿಯ ಅಂತಸ್ಸಾಕ್ಷಿಯನ್ನು ನೂರಾರು ಪುಟಗಳಲ್ಲಿ ಶೋಧಿಸಿದ್ದಾನೆ. ಹಡಗಿನ ನೀರನ್ನು ಮೊಗೆದು ಹಾಕಿದ ಒಂಬೈನೂರು ಜನರ ಬಗೆಗೆ ಅವನಿಗೆ ಅಷ್ಟು ಕುತೂಹಲವಿಲ್ಲ.

ಇನ್ನು ತವರಿನ ಮಾತು. ಬೇರು ಬಿಟ್ಟ ಮಾತ್ರಕ್ಕೆ ಕಣಿವೆಯ ನಂಟು ಕಡಿಯಲಿಲ್ಲ. ಸಿಂಗಪುರ, ಜಾವಾಗಳ ಬಾಡಿಗೆಯ ಹಣ ವರ್ಷವರ್ಷವೂ ಹದ್ರಮೌತಿಗೆ ಹರಿಯುತ್ತಿತ್ತು. ಅಲ್‌ಕಾಫ್ ಎಂಬ ಸಿಂಗಪುರದ ಮತ್ತೊಂದು ಅರಬ ಮನೆತನದವರು ಆ ಹಣದಿಂದ ತರೀಮಿನಲ್ಲಿ ಅರಮನೆಗಳನ್ನು ಕಟ್ಟಿಸಿದರು: ಗೋಡೆ ಊರಿನ ಹಸಿ ಇಟ್ಟಿಗೆಯದು, ಕಂಬ, ಕಮಾನು, ಗಾರೆಯ ಅಲಂಕಾರಗಳು ಪೂರ್ವದ ಬಂದರುಗಳಲ್ಲಿ ಕಂಡು ಬಂದ ಮಾದರಿಯವು. ಸಿಂಗಪುರದಲ್ಲಿಯೇ ಜನಿಸಿದ ಸಯ್ಯಿದ್ ಅಬೂಬಕರ್ ಅಲ್‌ಕಾಫ್ 1930ರ ದಶಕದಲ್ಲಿ ತನ್ನ ಖರ್ಚಿನಿಂದ ತರೀಮಿನಿಂದ ಕಡಲತೀರಕ್ಕೆ ಮೋಟಾರು ರಸ್ತೆಯನ್ನು ಮಾಡಿಸಿದನು, ಬುಡಕಟ್ಟುಗಳ ನಡುವೆ ಸಂಧಿ ಮಾಡಿಸಲು ಆಸ್ತಿಯನ್ನು ಧಾರಾಳವಾಗಿ ಕರಗಿಸಿದನು. ಆದರೆ ದೂರದ ಬಾಡಿಗೆಯನ್ನು ನಂಬಿ ಬದುಕುವ ಊರಿನ ಪಾಡು ಎಂಥದೆಂಬುದು 1942ರಲ್ಲಿ ಬಯಲಾಯಿತು. ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾಯಿತು, ಮಾರ್ಚಿನಲ್ಲಿ ಜಾವಾ. ಹಣ ಬರುವ ದಾರಿಗಳೆಲ್ಲ ಒಂದೇ ಸಲಕ್ಕೆ ಮುಚ್ಚಿಹೋದವು. ಅದರೊಡನೆ ಮಳೆಯೂ ಕೈಕೊಟ್ಟು, 1943-44ರಲ್ಲಿ ಹದ್ರಮೌತಿನಲ್ಲಿ ಭೀಕರ ಕ್ಷಾಮ ಬಂದಿತು. ಬ್ರಿಟಿಷ್ ವಿಮಾನಗಳು ಕಣಿವೆಗೆ ಧಾನ್ಯ ಸಾಗಿಸಬೇಕಾಯಿತು. ಅದೇ ಕಾಲದ ಬಂಗಾಳದ ಕ್ಷಾಮದ ಹಿಂದೆ ರಂಗೂನಿನ ಪತನವೂ ಒಂದು ಕಾರಣವಾಗಿದ್ದುದನ್ನು ಬಲ್ಲ ನಮಗೆ ಇದು ಅಪರಿಚಿತ ಕಥೆಯಲ್ಲ.

ಯುದ್ಧಾನಂತರ ಬಂದ ಪೆಟ್ಟು ಮನೆತನಗಳು ಬೇರು ಬಿಟ್ಟ ನೆಲದಿಂದಲೇ ಬಂದುದು. ಸಿಂಗಪುರದಲ್ಲಿ 1947ರ ಬಾಡಿಗೆ ನಿಯಂತ್ರಣ ಕಾನೂನು ಹಳೆಯ ಕಟ್ಟಡಗಳ ಬಾಡಿಗೆಯನ್ನು ಯುದ್ಧಪೂರ್ವದ ಮಟ್ಟಕ್ಕೆ ಕಟ್ಟಿಹಾಕಿತು. ಹಣದ ಬೆಲೆ ಇಳಿಯುತ್ತ ಹೋದಂತೆ ದುರಸ್ತಿಯ ಖರ್ಚೂ ಹುಟ್ಟದಾಯಿತು. ಸ್ವತಂತ್ರ ಸರಕಾರದ 1966ರ ಭೂಸ್ವಾಧೀನ ಕಾಯಿದೆ ವಸತಿಗಾಗಿ, ರಸ್ತೆಗಾಗಿ ಜಮೀನುಗಳನ್ನು ಕಡಿಮೆ ಪರಿಹಾರಕ್ಕೆ ತೆಗೆದುಕೊಂಡಿ‌ತು. ಚೀಣೀ ಶ್ರೀಮಂತರು ಬ್ಯಾಂಕಿಗೆ, ರಬ್ಬರಿಗೆ, ಕಾರಖಾನೆಗೆ ಬಂಡವಾಳವನ್ನು ಹಂಚಿದ್ದರು. ಅರಬರು ಅದನ್ನೆಲ್ಲ ಮನೆ ನಿವೇಶನಗಳಲ್ಲಿ ಇಟ್ಟಿದ್ದರು. ಅವರನ್ನು ದಡ್ಡರೆನ್ನುವುದು ಈಗ ಸುಲಭ. ಆದರೆ ಬಡ್ಡಿಯನ್ನು ಮುಟ್ಟದೆ, ಮೊಮ್ಮಕ್ಕಳ ಕಾಲದವರೆಗೆ ಆದಾಯ ಬರುವಂತೆ ಮಾಡಬೇಕೆಂದು ಧರ್ಮಭೀರುವಾದ ಗೃಹಸ್ಥನೊಬ್ಬನು ಆಲೋಚಿಸಿದರೆ, ಬಾಡಿಗೆಯ ಹೊರತು ಅವನಿಗೆ ಬೇರೆ ದಾರಿ ಎಷ್ಟಿದ್ದಿತು?

ಹೋದುದರ ನಡುವೆ ಉಳಿದುದೂ ಉಂಟು. ಉಮರನ ವಂಶಜನಾದ ಸಯ್ಯಿದ್ ಅಬ್ದುರ್ರಹಮಾನ್ ಬಿನ್ ಜುನೈದ್ 1927ರಲ್ಲಿ ವಿಕ್ಟೋರಿಯಾ ಬೀದಿಯ ವಕ್ಫ್ ಭೂಮಿಯಲ್ಲಿ ಸ್ಥಾಪಿಸಿದ ಅಲ್‌ಜುನೈದ್ ಮದರಸಾ ಇಂದಿಗೂ ನಡೆಯುತ್ತಿದೆ; ಮಲಯ ಜಗತ್ತಿನ ಅನೇಕ ಧರ್ಮಪಂಡಿತರು ಅಲ್ಲಿ ಅರಬ್ಬಿ ಕಲಿತವರು. ಕಂಪೋಂಗ್ ಮಲಾಕಾದ ಮಲಯ ಗುಡಿಸಲುಗಳು ಎಂದೋ ಹೋದವು, ಮಸೀದಿ ಇದೆ. ಅಲ್‌ಜುನೈದ್ ಎಂಬ ಹೆಸರು ಒಂದು ರಸ್ತೆಗೆ, ಒಂದು ರೈಲು ನಿಲ್ದಾಣಕ್ಕೆ, ಒಂದು ಚುನಾವಣಾ ಕ್ಷೇತ್ರಕ್ಕೆ ಅಂಟಿಕೊಂಡಿದೆ. 2011ರಲ್ಲಿ ಆಳುವ ಪಕ್ಷವು ಮೊದಲ ಬಾರಿಗೆ ಒಂದು ಸಾಮೂಹಿಕ ಕ್ಷೇತ್ರವನ್ನು ವಿರೋಧಪಕ್ಷಕ್ಕೆ ಬಿಟ್ಟುಕೊಟ್ಟಿತಲ್ಲವೆ, ಪತ್ರಿಕೆಗಳಲ್ಲಿ ಆಗ ನಿತ್ಯವೂ ಕಾಣುತ್ತಿದ್ದ ಹೆಸರು ಈ ಪಾಲೆಂಬಾಂಗಿನ ವರ್ತಕರದು.

ವಿದ್ಯಾರ್ಥಿಗಳಿಗೆ ಒಂದು ಸೂಚನೆಯನ್ನು ಕೊಟ್ಟು ಮುಗಿಸುತ್ತೇನೆ. ನಮ್ಮ ಕರಾವಳಿಯಲ್ಲಿ, ಭಟ್ಕಳದಲ್ಲಿ, ಹೊನ್ನಾವರದಲ್ಲಿ, ಮಂಗಳೂರಿನಲ್ಲಿ ಹಳೆಯ ಮಸೀದಿಗಳ ವಕ್ಫ್ ಪತ್ರಗಳಿವೆ, ಮನೆಮನೆಗಳಲ್ಲಿ ವಿಭಾಗಪತ್ರಗಳಿವೆ, ಗೋರಿಗಲ್ಲುಗಳ ಮೇಲೆ ಬರಹಗಳಿವೆ. ಬಾವಿಯನ್ನು ಯಾರು ತೋಡಿಸಿದರು, ಯಾರ ನಿವೇಶನದಲ್ಲಿ, ಯಾವ ಹೆಣ್ಣುಮಗಳ ಪಾಲಿನ ಹಣದಿಂದ ಎಂಬ ಪ್ರಶ್ನೆಗಳನ್ನು ಆ ಕಾಗದಗಳಿಗೆ ಹಾಕಿ ನೋಡಬಹುದು. ಅದಕ್ಕೆ ಅರಬ್ಬಿ, ಪಾರಸಿ, ಕೊಂಕಣಿಗಳ ಜೊತೆಗೆ ನವಾಯತಿ ಭಾಷೆಯ ಪರಿಚಯವೂ ಬೇಕಾಗುತ್ತದೆ. ಎಳೆಯ ವಯಸ್ಸಿನಲ್ಲಿ ತೊಡಗಿದರೆ ಅಸಾಧ್ಯವಲ್ಲ.